ಆಸ್ಪತ್ರೆಯ ಔಟ್‌ಟರ್ನ್ ಕೇಳುವವರಾರು?

ಯಶಸ್ವಿನಿ ಕಾರ್ಡುಗಳ ನವೀಕರಣದ ಕಾಲ ಬಂದಾಗಲೆಲ್ಲ ಸಂಘದ ಕಛೇರಿಯಲ್ಲಿ ಸದಸ್ಯರು ಕೇಳುವ ಪ್ರಶ್ನೆ ಒಂದೇ: ಯಾವ ಆಸ್ಪತ್ರೆ ಒಳ್ಳೆಯದು? ಇದಕ್ಕೆ ಉತ್ತರ ಹೇಳಬಲ್ಲ ಕಾಗದ ನಮ್ಮ ಕಛೇರಿಯಲ್ಲಿಲ್ಲ. ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಪಟ್ಟಿ ಇದೆ. ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ಹಣ ಎಂಬ ದರಪಟ್ಟಿಯೂ ಇದೆ. ಅಲ್ಲಿಗೆ ಹೋದವರಲ್ಲಿ ಎಷ್ಟು ಮಂದಿ ಗುಣವಾಗಿ ತೋಟದ ಕೆಲಸಕ್ಕೆ ಮರಳಿದರು ಎಂಬ ಪಟ್ಟಿ ಮಾತ್ರ ಇಲ್ಲ. ಆದುದರಿಂದ ನಮ್ಮ ಸದಸ್ಯರು ನೆಂಟರಿಷ್ಟರ ಮಾತು ಕೇಳಿಯೋ, ಕಟ್ಟಡದ ಎತ್ತರ ನೋಡಿಯೋ ಮಣಿಪಾಲ, ಮಂಗಳೂರು, ಶಿವಮೊಗ್ಗಗಳ ಬಸ್ಸು ಹತ್ತುತ್ತಾರೆ.

ಬೆಳೆಗಾರರಾದ ನಾವು ಅಳತೆಗೆ ಹೊಸಬರೇನಲ್ಲ. ಚೆರ್ರಿ ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿಗೆ ಕಳುಹಿಸಿದರೆ, ಐವತ್ತು ಕಿಲೋ ಚೀಲಕ್ಕೆ ಎಷ್ಟು ಕಿಲೋ ಬೀಜ ಇಳಿಯಿತು ಎಂದು ಔಟ್‌ಟರ್ನ್ ಕೇಳದೆ ಹಣ ಎಣಿಸಿಕೊಳ್ಳುವುದಿಲ್ಲ. ಅಡಿಕೆಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ವಿಂಗಡಿಸದೆ ಮಂಡಿಗೆ ಸಾಗಿಸುವುದಿಲ್ಲ. ಚೀಲದ ಹೊಲಿಗೆ ಚೆಂದವಾಗಿದೆಯೆಂದು ಯಾರೂ ದರ ಏರಿಸಿದ್ದನ್ನು ಕಾಣೆವು. ಆದರೆ ಮನೆಯ ಯಜಮಾನನನ್ನೋ ಸೊಸೆಯನ್ನೋ ಆಸ್ಪತ್ರೆಗೆ ಒಪ್ಪಿಸುವಾಗ ನಾವು ನೋಡುವುದು ಚೀಲದ ಹೊಲಿಗೆಯನ್ನೇ.

ಕೇಳುವ ಹಕ್ಕು ನಮಗಿದೆಯೇ ಎಂದರೆ, ಧಾರಾಳವಾಗಿ ಇದೆ. ಯಶಸ್ವಿನಿ ಸಹಕಾರಿಗಳ ಯೋಜನೆ. 2003ರ ಜೂನ್‌ನಲ್ಲಿ ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿಯಂತೆ ಸುಮಾರು 16 ಲಕ್ಷ ಜನ ಸೇರಿದ್ದರು. 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಕರಗಿತು. ಸಹಕಾರಿಗಳ ಒತ್ತಾಯದ ಮೇಲೆ 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಆರಂಭವಾದಾಗ, ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಎಂದು ಗೊತ್ತುಮಾಡಲಾಯಿತು. ಅಂದರೆ ನಾವು ಧರ್ಮಕ್ಕೆ ಬಂದವರಲ್ಲ. ಒಟ್ಟಾಗಿ ಹಣ ಕಟ್ಟಿ ಚಿಕಿತ್ಸೆ ಕೊಳ್ಳುವವರು. ಕೊಂಡವನು ತೂಕ ಕೇಳಿದರೆ ತಪ್ಪೇನು?

ಆಸ್ಪತ್ರೆಗಳ ಅಳತೆ ನಮ್ಮ ದೇಶದಲ್ಲಿ ನಡೆದೇ ಇಲ್ಲ ಎಂದಲ್ಲ. ನೀತಿ ಆಯೋಗವು 2021ರ ಸೆಪ್ಟೆಂಬರ್‌ನಲ್ಲಿ 707 ಜಿಲ್ಲಾ ಆಸ್ಪತ್ರೆಗಳನ್ನು ಹತ್ತು ಬಗೆಯ ಸೂಚಿಗಳಿಂದ ಅಳೆದ ವರದಿಯನ್ನು ಪ್ರಕಟಿಸಿತು. ಲೆಕ್ಕಗಳು 2017-18ನೆಯ ಸಾಲಿನವು. ಲಕ್ಷ ಜನಕ್ಕೆ ಕನಿಷ್ಠ 22 ಹಾಸಿಗೆ ಇರಬೇಕೆಂಬುದು ಆಗಿನ ನಿಯಮವಾಗಿತ್ತು. ದೇಶದ ಸರಾಸರಿ 24 ಎಂದು ಕಂಡುಬಂತು. ಸರಾಸರಿ ನೋಡಿದರೆ ಸಮಾಧಾನ, ಬಿಡಿಸಿ ನೋಡಿದರೆ ಪುದುಚೇರಿಯಲ್ಲಿ 222, ಬಿಹಾರದಲ್ಲಿ 6! ಹಾಸಿಗೆಗಳು ಎಷ್ಟು ಭರ್ತಿಯಾಗಿವೆ, ಒಬ್ಬ ವೈದ್ಯರಿಗೆ ದಿನಕ್ಕೆ ಎಷ್ಟು ಹೊರರೋಗಿಗಳು, ಒಬ್ಬ ಶಸ್ತ್ರವೈದ್ಯರಿಂದ ಎಷ್ಟು ಶಸ್ತ್ರಚಿಕಿತ್ಸೆ ಎಂಬಿವುಗಳನ್ನೂ ಆಯೋಗ ಎಣಿಸಿತು. ಇದು ಸ್ವಾಗತಾರ್ಹ ಕೆಲಸವೇ. ಯಾವ ಜಿಲ್ಲೆಗೆ ವೈದ್ಯರು ಸಾಲದು, ಎಲ್ಲಿ ಹಾಸಿಗೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಇವು ಹೆಚ್ಚಾಗಿ ಗಿರಣಿಯ ಅಳತೆಗಳು. ಗಿರಣಿ ದಿನಕ್ಕೆ ಎಷ್ಟು ಗಂಟೆ ಓಡಿತು ಎಂದು ಹೇಳುತ್ತವೆ, ಕಾಳು ಹೇಗೆ ಬಂತು ಎಂದು ಹೇಳುವುದಿಲ್ಲ. ಹಾಸಿಗೆಗಳು ನೂರಕ್ಕೆ 80-85 ಭರ್ತಿಯಾಗಿದ್ದರೆ ಆಸ್ಪತ್ರೆ ದಕ್ಷವೆನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ ಆಷಾಢ ಶ್ರಾವಣಗಳ ಜ್ವರಕ್ಕೆ ತಾಲ್ಲೂಕು ಆಸ್ಪತ್ರೆ ತುಂಬುತ್ತದೆ. ಕಾಫಿ ಕೊಯ್ಲು ಶುರುವಾದರೆ ನೋವು ನುಂಗಿಕೊಂಡು ಜನ ತೋಟದಲ್ಲೇ ಉಳಿಯುತ್ತಾರೆ, ಹಾಸಿಗೆ ಖಾಲಿ. ವರ್ಷದ ಸರಾಸರಿ ತೆಗೆದರೆ ಆಸ್ಪತ್ರೆ ಸೋಮಾರಿಯಂತೆ ಕಾಣುತ್ತದೆ. ರೋಗಿಯನ್ನು ಬೇಗ ಮನೆಗೆ ಕಳುಹಿಸುವುದೂ ದಕ್ಷತೆಯ ಲೆಕ್ಕಕ್ಕೆ ಸೇರುತ್ತದೆ. ಹಾಗೆ ಹೋದವನು ವಾರದಲ್ಲೇ ಗಾಯ ಕೀವಾಗಿ ಇನ್ನೊಂದು ಆಸ್ಪತ್ರೆ ಸೇರಿದರೆ ಎರಡೂ ಕಡೆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಕೆಟ್ಟದ್ದು ಅವನ ಮನೆಯ ಲೆಕ್ಕ ಮಾತ್ರ.

ಎಲ್ಲಕ್ಕಿಂತ ದೊಡ್ಡ ತೂತು 'ಮುಂದಕ್ಕೆ ಕಳುಹಿಸುವುದು'. ತೋಟದಲ್ಲಿ ಹಾವು ಕಚ್ಚಿದವನನ್ನು ಹತ್ತಿರದ ಆಸ್ಪತ್ರೆಗೆ ತಂದರು ಎನ್ನಿ. ಅಲ್ಲಿ ಪ್ರತಿವಿಷದ ಔಷಧಿ ಇಲ್ಲ, ಇಲ್ಲವೇ ಕೊಡುವ ಧೈರ್ಯವಿಲ್ಲ. ಚೀಟಿ ಬರೆದು ಘಾಟಿ ಇಳಿಸುತ್ತಾರೆ. ಎರಡು ಮೂರು ಗಂಟೆ ಕಳೆದು ದೊಡ್ಡ ಆಸ್ಪತ್ರೆಯಲ್ಲಿ ಅವನು ತೀರಿಕೊಂಡರೆ ಸಾವು ದೊಡ್ಡ ಆಸ್ಪತ್ರೆಯ ಪುಸ್ತಕಕ್ಕೆ ಬರೆಯಲ್ಪಡುತ್ತದೆ. ಮೊದಲಿನ ಆಸ್ಪತ್ರೆಯ ಪುಸ್ತಕ ಸ್ವಚ್ಛ. ದಾರಿಯಲ್ಲೇ ಜೀವ ಹೋದರೆ ಯಾರ ಪುಸ್ತಕಕ್ಕೂ ಇಲ್ಲ. ಕಷ್ಟದ ರೋಗಿಯನ್ನು ಒಳಗೆ ಸೇರಿಸಿಕೊಂಡವನಿಗೆ ಕೆಟ್ಟ ಅಂಕ, ಬಾಗಿಲಲ್ಲೇ ತಿರುಗಿಸಿದವನಿಗೆ ಒಳ್ಳೆಯ ಅಂಕ ಎಂಬಂಥ ಅಳತೆ ಇರುವುದಕ್ಕಿಂತ ಇಲ್ಲದಿರುವುದೇ ಲೇಸು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಎಣಿಸಿದರೆ ಏನು ಬರುತ್ತದೆ ಎನ್ನುವವರು ಬಾಣಂತಿಯರ ವಿಷಯ ನೋಡಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಒಬ್ಬರ ಹಿಂದೊಬ್ಬರು ಬಾಣಂತಿಯರು ತೀರಿಕೊಂಡ ಮೇಲೆ, ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸಂಭವಿಸಿದ 464 ತಾಯಂದಿರ ಮರಣಗಳ ಪರಿಶೀಲನೆ ನಡೆಯಿತು. ಅವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ತಪ್ಪಿಸಬಹುದಾಗಿತ್ತು ಎಂಬುದು ವರದಿಯ ಸಾರ. ಈ ಮಾತು ಯಾವ ಹಾಸಿಗೆಯ ಲೆಕ್ಕದಿಂದಲೂ ಹೊರಬೀಳುತ್ತಿರಲಿಲ್ಲ. ಸತ್ತವರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದ್ದರಿಂದ ಬಂತು.

ಇದು ಮಲೆನಾಡಿನವರ ಗೋಳು ಮಾತ್ರ ಎಂದು ತಿಳಿಯಬಾರದು. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಕಡೆ ಅಡಿಕೆಯಿಲ್ಲ, ಕಾಫಿಯಿಲ್ಲ. ಕಬ್ಬು, ಬೆಲ್ಲದ ಪೇಟೆ, ನೇಕಾರರ ಮಗ್ಗ ಅಲ್ಲಿಯ ಜೀವನ. ಆದರೆ ಸಹಕಾರ ಸಂಘ ಅಲ್ಲಿಯೂ ಇದೆ, ಯಶಸ್ವಿನಿ ಕಾರ್ಡು ಅಲ್ಲಿಯೂ ಅದೇ. ನಾವು ಘಾಟಿ ಇಳಿದರೆ ಅವರು ಬಾಗಲಕೋಟೆಗೋ ಬೆಳಗಾವಿಗೋ ಹೊರಡುತ್ತಾರೆ. ರಾಜ್ಯದ ಗಡಿ ದಾಟಿ ಮಹಾರಾಷ್ಟ್ರದ ಮೀರಜಿಗೆ ಹೋಗುವುದೂ ಆ ಸೀಮೆಯ ಹಳೆಯ ರೂಢಿ. ಅಲ್ಲಿಯ ವಾನ್ಲೆಸ್ ಆಸ್ಪತ್ರೆ 1894ರಷ್ಟು ಹಿಂದಿನದು. ಹೀಗೆ ದೂರ ಹೋದವರು ಗುಣವಾದರೋ ಇಲ್ಲವೋ ಎಂಬ ಸುದ್ದಿ ಊರಿನ ಆಸ್ಪತ್ರೆಗೆ ತಿರುಗಿ ಬರುವುದು ಅಪರೂಪ. ಕಬ್ಬಿನವರಿಗೂ ಅಡಿಕೆಯವರಿಗೂ ಕಣ್ಣು ಕಟ್ಟಿರುವುದು ಒಂದೇ ಬಟ್ಟೆ.

ಆ ಬಟ್ಟೆ ಬಿಚ್ಚುವ ದಾರಿಯನ್ನು ನಮ್ಮ ಕರ್ನಾಟಕವೇ ಲೋಕಕ್ಕೆ ತೋರಿಸಿದೆ. ಬಡತನದ ರೇಖೆಯ ಕೆಳಗಿನವರಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು ಉತ್ತರದ ಕಲಬುರ್ಗಿ, ಬೆಳಗಾವಿ ವಿಭಾಗಗಳಿಗೆ. ಮಹಾಲಿಂಗಪುರ ಈ ಭಾಗದ್ದು. ನಮ್ಮ ಕಡೆಗೆ ಅದು ಆಮೇಲೆ ಬಂತು. ಈ ಅಂತರವನ್ನೇ ಉಪಯೋಗಿಸಿಕೊಂಡು ಸಂಶೋಧಕರು, ಯೋಜನೆ ಬಂದ ಮತ್ತು ಬಾರದ ಸೀಮೆಗಳ ಗಡಿಯ ಎರಡೂ ಬದಿಯ 572 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು, ಯೋಜನೆ ಇದ್ದ ಕಡೆ ನೂರಕ್ಕೆ 0.32, ಇಲ್ಲದ ಕಡೆ 0.90. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಕೊಡುವ ಖರ್ಚಿನಲ್ಲಿ ನೂರಕ್ಕೆ 34ರಷ್ಟು ಇಳಿತ. ಅನುಕೂಲಸ್ಥರ ಮನೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅವರಿಗೆ ಯೋಜನೆ ಇರಲಿಲ್ಲವಷ್ಟೆ. ಗಮನಿಸಬೇಕಾದದ್ದು ಇಷ್ಟು: ಅವರು ಆಸ್ಪತ್ರೆಯ ಪುಸ್ತಕ ತಿರುವಿ ಸುಮ್ಮನಾಗದೆ ಜಗಲಿಯ ಮೇಲೆ ಕೂತು ಕೇಳಿದರು.

ವೈದ್ಯರು ಇದಕ್ಕೆ ಒಂದು ಆಕ್ಷೇಪ ಹೇಳುತ್ತಾರೆ. ಎಂಬತ್ತರ ಮುದುಕನ ಹೃದಯವೂ ಇಪ್ಪತ್ತರ ಹುಡುಗನ ಕರುಳಿನ ಬಾಧೆಯೂ ಒಂದೇ ತಕ್ಕಡಿಗೆ ಹಾಕುವಂಥವೇ, ಎಂದು. ಮಾತು ನ್ಯಾಯವಾದದ್ದು. ಅರೇಬಿಕಾವನ್ನೂ ರೋಬಸ್ಟಾವನ್ನೂ ಬೆರೆಸಿ ಔಟ್‌ಟರ್ನ್ ತೆಗೆಯುವವನು ಬೆಳೆಗಾರನಲ್ಲ. ರೋಗಕ್ಕೆ ರೋಗ, ವಯಸ್ಸಿಗೆ ವಯಸ್ಸು ಹೋಲಿಸಬೇಕು. ಆದರೆ ಅಳೆಯುವುದು ಕಷ್ಟ ಎಂಬುದು ಅಳೆಯದಿರುವುದಕ್ಕೆ ನೆಪವಾಗಬಾರದು. ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, ಪ್ರತಿಯೊಬ್ಬ ರೋಗಿಯನ್ನೂ ಮನೆಗೆ ಹೋದ ಮೇಲೂ ಹಿಂಬಾಲಿಸಿ ಕೊನೆಯ ಫಲ ತಿಳಿಯಬೇಕೆಂದು ಹಠ ಹಿಡಿದವರು. 1911ರಿಂದ 1916ರವರೆಗೆ ತಮ್ಮ ಸ್ವಂತ ಆಸ್ಪತ್ರೆಯಿಂದ ಹೊರಟ 337 ರೋಗಿಗಳ ಚಿಕಿತ್ಸೆಯಲ್ಲಿ ಆದ 123 ತಪ್ಪುಗಳನ್ನು ತಾವೇ ಅಚ್ಚು ಹಾಕಿಸಿದರು. ಸಹೋದ್ಯೋಗಿಗಳಿಗೆ ಅವರು ಬೇಡವಾದರು. ಆದರೆ ಇಂದು ಆಸ್ಪತ್ರೆಗಳ ಗುಣಮಟ್ಟದ ಮಾತು ಬಂದಾಗ ಮೊದಲು ನೆನೆಯುವುದು ಅವರನ್ನೇ.

ನಮ್ಮ ಸಲಹೆ ಸರಳವಾದದ್ದು. ಪ್ರತಿ ಸಹಕಾರ ಸಂಘವೂ ಒಂದು ದಪ್ಪ ರಿಜಿಸ್ಟರ್ ಇಡಲಿ. ಕಾರ್ಡಿನ ಮೇಲೆ ಚಿಕಿತ್ಸೆ ಪಡೆದ ಸದಸ್ಯರನ್ನು ಮನೆಗೆ ಬಂದ ಮೂರು ತಿಂಗಳ ಮೇಲೆ ಐದು ಪ್ರಶ್ನೆ ಕೇಳಲಿ. ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ, ಮೊದಲ ಚಿಕಿತ್ಸೆ ಸಿಕ್ಕಿದ್ದು ಎಷ್ಟು ಹೊತ್ತಿಗೆ? ನಡುವೆ ಎಷ್ಟು ಆಸ್ಪತ್ರೆ ದಾಟಬೇಕಾಯಿತು, ಮುಂದಕ್ಕೆ ಕಳುಹಿಸಿದವರು ಕೊಟ್ಟ ಕಾರಣವೇನು? ಕಾರ್ಡಿದ್ದೂ ಕೈಯಿಂದ ಕೊಟ್ಟ ಹಣವೆಷ್ಟು, ಅದಕ್ಕೆ ರಸೀದಿ ಇದೆಯೇ? ಗಾಯ ಕೀವಾಯಿತೇ, ಮತ್ತೆ ಆಸ್ಪತ್ರೆ ಸೇರಬೇಕಾಯಿತೇ? ಈಗ ಕೆಲಸ ಮಾಡಲಾಗುತ್ತಿದೆಯೇ? ಸದಸ್ಯನು ತೀರಿಕೊಂಡಿದ್ದರೆ ಮನೆಯವರನ್ನು ಕೇಳಬೇಕು, ಆ ಹಾಳೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಕೊನೆ ಇಳಿಸುವ ಕೊನೆಗಾರರು, ತೋಟದ ಕಾರ್ಮಿಕರು ಸದಸ್ಯರಲ್ಲದಿದ್ದರೂ ಅವರ ಪ್ರಕರಣಗಳನ್ನೂ ಬರೆಯಬೇಕು. ಮರದಿಂದ ಬೀಳುವವರು ಹೆಚ್ಚಾಗಿ ಅವರೇ.

ಇದರಲ್ಲಿ ಎಚ್ಚರವೂ ಬೇಕು. ರೋಗಿಯ ಹೆಸರು ಕಛೇರಿಯ ಹೊರಗೆ ಹೋಗಕೂಡದು. ನಾಲ್ಕಾರು ಪ್ರಕರಣ ಹಿಡಿದು ಯಾವ ಆಸ್ಪತ್ರೆಗೂ ಹಣೆಪಟ್ಟಿ ಕಟ್ಟಕೂಡದು. ಒಂದು ಸಂಘದ ರಿಜಿಸ್ಟರ್ ಸಾಲದು, ತಾಲ್ಲೂಕಿನ ಎಲ್ಲ ಸಂಘಗಳದ್ದು ಕೂಡಿದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ. ಲೆಕ್ಕವನ್ನು ಮೊದಲು ಆಸ್ಪತ್ರೆಯವರ ಮುಂದಿಟ್ಟು ಅವರ ಉತ್ತರ ಕೇಳಬೇಕು. ಪ್ರತಿವಿಷವಿಲ್ಲದೆ, ಅರಿವಳಿಕೆ ವೈದ್ಯರಿಲ್ಲದೆ ಮುಂದಕ್ಕೆ ಕಳುಹಿಸಿದ ತಾಲ್ಲೂಕು ಆಸ್ಪತ್ರೆಯ ಮೇಲೆ ಕೋಪಗೊಳ್ಳುವುದಕ್ಕಿಂತ, ಅದೇ ಲೆಕ್ಕ ಹಿಡಿದು ಅವರ ಪರವಾಗಿ ಸರ್ಕಾರವನ್ನು ಕೇಳುವುದು ಹೆಚ್ಚು ಫಲದಾಯಕ. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಕಡೆಗಣಿಸಿರುವ ಹತ್ತಿರದ ಆಸ್ಪತ್ರೆಯೇ ಹಲವು ಕಾಯಿಲೆಗಳಿಗೆ ಸಾಕು ಎಂದು ಆ ಲೆಕ್ಕದಿಂದ ತಿಳಿದುಬಂದರೂ ಆಶ್ಚರ್ಯವಿಲ್ಲ.

ವಂತಿಗೆ ವಸೂಲು ಮಾಡಿ ರಸೀದಿ ಹರಿದುಕೊಡುವಲ್ಲಿಗೆ ಸಹಕಾರ ಸಂಘದ ಕರ್ತವ್ಯ ಮುಗಿಯುವುದಿಲ್ಲ. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ರಿಜಿಸ್ಟರಿನ ವಿಷಯವನ್ನು ಮಂಡಿಸಲಿದ್ದೇವೆ. ಸದಸ್ಯ ಬಂಧುಗಳು ಹಾಜರಿದ್ದು ತಮ್ಮ ಅಭಿಪ್ರಾಯ ತಿಳಿಸಬೇಕು, ಒಪ್ಪಿಗೆಯಾದರೆ ಮೊದಲ ಹಾಳೆಯನ್ನು ತಾವೇ ತುಂಬಿಸಬೇಕು ಎಂದು ವಿನಂತಿ.

— ಕಾರ್ಯದರ್ಶಿ