ಹಾಬಿ ಕಾಲಂನಲ್ಲಿ ಸುಳ್ಳು ಯಾಕೆ?

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತಯಾರಿ ಶುರುವಾಯಿತು. ಮೊದಲ ಕೆಲಸ ರೆಸ್ಯೂಮೆ. ಸಿಜಿಪಿಎ, ಮಿನಿ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಎಲ್ಲ ತುಂಬಿದ ಮೇಲೆ ಕೊನೆಗೆ ಉಳಿದದ್ದು 'ಹಾಬೀಸ್'. ಇದ್ದದ್ದನ್ನೇ ಬರೆದೆ: ರಾಕ್ ಸಂಗೀತ ಕೇಳುವುದು, ಇಂಟರ್ನೆಟ್‌ನಲ್ಲಿ ವಿಚಿತ್ರ ಡಿಸೈನ್‌ಗಳ ಬೆನ್ನು ಹತ್ತುವುದು. ನೋಡಿದ ಸೀನಿಯರ್ ಒಬ್ಬರು ನಕ್ಕರು. 'ಇದನ್ನ ತೆಗಿ ಮಾರಾಯ. ಪುಸ್ತಕ ಓದೋದು, ಕ್ರಿಕೆಟ್ ಆಡೋದು ಅಂತ ಹಾಕು. ಇಂಟರ್‌ವ್ಯೂನಲ್ಲಿ ಸೇಫ್.'

ನಮ್ಮ ಕ್ಲಾಸಿನ ಎಲ್ಲರ ರೆಸ್ಯೂಮೆಯಲ್ಲೂ ಈಗ 'ಪುಸ್ತಕ ಓದುವುದು' ಇದೆ. ಮೂರು ವರ್ಷದಲ್ಲಿ ಇವರಲ್ಲಿ ಅರ್ಧ ಜನರ ಕೈಯಲ್ಲಿ ಪಾಸಿಂಗ್ ಪ್ಯಾಕೇಜ್ ಬಿಟ್ಟು ಬೇರೆ ಪುಸ್ತಕ ನೋಡಿದ ನೆನಪು ನನಗಿಲ್ಲ!

ನನ್ನ ಹುಚ್ಚು ಶುರುವಾದದ್ದು ಒಂದು ಟೀ-ಶರ್ಟ್‌ನಿಂದ. ಫುಟ್‌ಪಾತ್‌ನಲ್ಲಿ ಚೌಕಾಸಿ ಮಾಡಿ ಕೊಂಡ ಕಪ್ಪು ಟೀ-ಶರ್ಟ್ ಅದು. ಮೇಲೆ ಒಂದರ ಕೆಳಗೊಂದು ಬಿಳಿ ಗೆರೆಗಳು, ನಡುವೆ ಮಾತ್ರ ಏರಿಳಿತ. ಅಮ್ಮ ನೋಡಿ, 'ಇದೇನೋ, ಗುಡ್ಡದ ಸಾಲು ಇದ್ದಂಗಿದೆ' ಅಂದರು. ನಾನು ಇಸಿಜಿ ಇರಬೇಕು ಅಂದುಕೊಂಡಿದ್ದೆ. ನೀವೂ ಇದನ್ನು ನೋಡಿರುತ್ತೀರಿ, ಬಹುಶಃ ತೊಟ್ಟೂ ಇರುತ್ತೀರಿ.

ಒಂದು ರಾತ್ರಿ ಹುಡುಕಿದೆ. ಅದು ಇಂಗ್ಲೆಂಡಿನ ಜಾಯ್ ಡಿವಿಷನ್ ಎಂಬ ರಾಕ್ ಬ್ಯಾಂಡ್ 1979ರಲ್ಲಿ ತಂದ 'ಅನ್‌ನೋನ್ ಪ್ಲೆಷರ್ಸ್' ಆಲ್ಬಂನ ಮುಖಪುಟ. ಆದರೆ ಚಿತ್ರ ಗುಡ್ಡವೂ ಅಲ್ಲ, ಹೃದಯದ ಬಡಿತವೂ ಅಲ್ಲ. ಅದು ಆಕಾಶದಿಂದ ಬಂದ ಸಿಗ್ನಲ್. 1967ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಮೊದಲ ಬಾರಿಗೆ ಪಲ್ಸಾರ್ ಒಂದನ್ನು ಪತ್ತೆ ಹಚ್ಚಿದರು. ಸುಮಾರು 1.337 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ನಕ್ಷತ್ರ. ಅದರ 80 ಮಿಡಿತಗಳನ್ನು ಒಂದರ ಕೆಳಗೊಂದು ಜೋಡಿಸಿದ ಗ್ರಾಫ್ 1970ರಲ್ಲಿ ಹೆರಾಲ್ಡ್ ಕ್ರಾಫ್ಟ್ ಎಂಬವರ ಪಿಎಚ್.ಡಿ. ಪ್ರಬಂಧದಲ್ಲಿ ಬಂತು. ಮುಂದೆ ಒಂದು ಖಗೋಳ ವಿಶ್ವಕೋಶಕ್ಕೆ ಹೋಯಿತು. ಅಲ್ಲಿ ಅದು ಬ್ಯಾಂಡ್‌ನವರ ಕಣ್ಣಿಗೆ ಬಿತ್ತು. ಡಿಸೈನರ್ ಪೀಟರ್ ಸೆವಿಲ್ ಬಣ್ಣ ತಿರುವುಮುರುವು ಮಾಡಿ, ಕಪ್ಪಿನ ಮೇಲೆ ಬಿಳಿ ಗೆರೆ ಇಟ್ಟರು. ಮುಖಪುಟದಲ್ಲಿ ಬ್ಯಾಂಡ್ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. 'ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್' ಎಂದರೆ ಮೈ ನಡುಗುತ್ತಿತ್ತು. ಆದರೆ ಎದೆಯ ಮೇಲೇ ಸಿಗ್ನಲ್ ಹೊತ್ತು ತಿರುಗುತ್ತಿದ್ದೇನೆ ಎಂದು ಗೊತ್ತಾದ ಮೇಲೆ ಸುಮ್ಮನಿರಲಾಗಲಿಲ್ಲ. ಅಂಥದ್ದೊಂದು ಚಿತ್ರವನ್ನು ಪೈಥಾನ್‌ನಲ್ಲಿ ಬರೆಯಲು ಕೂತೆ. ಮೊದಲ ಸಲ ಗೆರೆಗಳೆಲ್ಲ ಒಂದರ ಮೇಲೊಂದು ಹಾಯ್ದು ನೂಲಿನ ಸಿಕ್ಕಿನಂತಾಯಿತು. ಉಪಾಯ ಸರಳ: ಮೇಲಿನ ಗೆರೆಯಿಂದ ಶುರು ಮಾಡಿ, ಪ್ರತಿ ಗೆರೆಯ ಕೆಳಗಿನ ಜಾಗಕ್ಕೆ ಕಪ್ಪು ತುಂಬುತ್ತಾ ಬರಬೇಕು. ಆಗ ಮುಂದಿನ ಗುಡ್ಡ ಹಿಂದಿನದನ್ನು ಮರೆಮಾಡುತ್ತದೆ.

ಪಲ್ಸಾರ್ ಡೇಟಾ ನನ್ನ ಬಳಿ ಎಲ್ಲಿಂದ ಬರಬೇಕು? ನಮ್ಮ ಹಾಸ್ಟೆಲ್ ಫ್ಯಾನ್ ಇತ್ತು. ಸುತ್ತಿಗೊಮ್ಮೆ 'ಟಕ್' ಎನ್ನುವ ಫ್ಯಾನ್. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಒಂದು ಸುತ್ತಿನ ಅವಧಿಗೆ ಸರಿಯಾಗಿ ಕತ್ತರಿಸಿ, 80 ತುಂಡು ಜೋಡಿಸಿದೆ. 'ಟಕ್'ಗಳು ನೇರವಾಗಿ ನಿಲ್ಲದೆ ಓರೆಯಾಗಿ ಜಾರುತ್ತಾ ಹೋದವು. ಯಾಕೆಂದು ತಿಳಿಯಲು ಎರಡು ರಾತ್ರಿ ಬೇಕಾಯಿತು. ನಾನು ಅಂದಾಜಿಸಿದ ಅವಧಿಯಲ್ಲಿ 5 ಮಿಲಿಸೆಕೆಂಡ್ ತಪ್ಪಿದ್ದರೂ ಅದು ಗೆರೆಯಿಂದ ಗೆರೆಗೆ ಕೂಡುತ್ತಾ 80ನೇ ಗೆರೆಗೆ ಬರುವಾಗ ಸುಮಾರು 400 ಮಿಲಿಸೆಕೆಂಡ್ ಆಗಿರುತ್ತದೆ. ಅವಧಿ ತಿದ್ದಿದೆ. ಗೆರೆಗಳು ಸಾಲಾಗಿ ನಿಂತವು. ಸಣ್ಣ ತಪ್ಪು ಹೇಗೆ ಬೆಳೆಯುತ್ತದೆ ಎಂಬುದು ಅಂದು ಅರ್ಥವಾದಷ್ಟು ಯಾವ ಕ್ಲಾಸಿನಲ್ಲೂ ಅರ್ಥವಾಗಿರಲಿಲ್ಲ. ಆ ವಾರದ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂತು, ಅದನ್ನೂ ಹೇಳಿಬಿಡುತ್ತೇನೆ.

ಒಂದು ಎಳೆ ಹಿಡಿದರೆ ಇನ್ನೊಂದು ಸಿಗುತ್ತದೆ. ರೇಡಿಯೊಹೆಡ್ ಬ್ಯಾಂಡ್ 2008ರಲ್ಲಿ 'ಹೌಸ್ ಆಫ್ ಕಾರ್ಡ್ಸ್' ಹಾಡಿನ ವಿಡಿಯೊವನ್ನು ಕ್ಯಾಮೆರಾ ಇಲ್ಲದೆ, ಲೇಸರ್ ಸ್ಕ್ಯಾನರ್‌ಗಳಿಂದ ಮಾಡಿತು. ಚಾಲಕರಹಿತ ಕಾರುಗಳಲ್ಲಿ ಬಳಸುವಂಥ ಲೈಡಾರ್ ಅದರಲ್ಲಿತ್ತು. ಅದರ ಡೇಟಾವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಲೈಡಾರ್ ಎಂಬ ಪದ ನನಗೆ ಮೊದಲು ಸಿಕ್ಕಿದ್ದು ಸಿಲಬಸ್‌ನಲ್ಲಲ್ಲ, ಹಾಡಿನಲ್ಲಿ. ಪಲ್ಸಾರ್‌ಗಳ ಅಧ್ಯಯನ ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕದಲ್ಲೂ ನಡೆದಿದೆ ಎಂದು ತಿಳಿದದ್ದು ಟೀ-ಶರ್ಟ್‌ನಿಂದ.

ಕುತೂಹಲ ಎಂದರೆ ಬರೀ ಖುಷಿಯೂ ಅಲ್ಲ. ಈ ಬಗೆಯ ಗ್ರಾಫ್‌ಗೆ 2017ರಲ್ಲಿ ಬ್ಯಾಂಡ್ ನೆನಪಿನಲ್ಲಿ 'ಜಾಯ್‌ಪ್ಲಾಟ್' ಎಂಬ ಹೆಸರು ಹಬ್ಬಿತು. ಆದರೆ 'ಜಾಯ್ ಡಿವಿಷನ್' ಎಂಬುದು, ನಾಜಿ ಶಿಬಿರಗಳಲ್ಲಿ ಮಹಿಳೆಯರನ್ನು ಲೈಂಗಿಕ ಗುಲಾಮರಾಗಿ ಇಟ್ಟಿದ್ದ ವಿಭಾಗಕ್ಕೆ ಒಂದು ಕಾದಂಬರಿ ಬಳಸಿದ ಹೆಸರು. ಅದು ಚರ್ಚೆಯಾದ ಮೇಲೆ ಆ ಗ್ರಾಫ್ ಬರೆಯುವ ಸಾಫ್ಟ್‌ವೇರ್ ಪ್ಯಾಕೇಜ್‌ನ ಹೆಸರನ್ನೇ ಬದಲಿಸಲಾಯಿತು. ಈಗ ಆ ಗ್ರಾಫ್‌ನ ಹೆಸರು 'ರಿಡ್ಜ್‌ಲೈನ್'. ಅಮ್ಮ ಹೇಳಿದ ಗುಡ್ಡದ ಸಾಲು! ತೊಟ್ಟಿದ್ದು ಏನು ಎಂದು ಕೇಳಿಕೊಂಡರೆ ಇಂಥ ಕಹಿ ಸತ್ಯವೂ ಎದುರಾಗುತ್ತದೆ.

'ಇದರಿಂದ ಕೆಲಸ ಸಿಗುತ್ತಾ?' ಅಪ್ಪನ ಪ್ರಶ್ನೆ. ಎಜುಕೇಷನ್ ಲೋನ್‌ಗೆ ಸಹಿ ಹಾಕಿದವರು ಕೇಳಲೇಬೇಕಾದ ಪ್ರಶ್ನೆ. ರಾಕ್ ಕೇಳಿದರೆ ಕೆಲಸ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆಪ್ಟಿಟ್ಯೂಡ್ ಟೆಸ್ಟ್ ಯಾರನ್ನೂ ಬಿಡುವುದಿಲ್ಲ. ನಾನು ಹೇಳುವುದಿಷ್ಟೇ: ಇಡೀ ರೆಸ್ಯೂಮೆಯಲ್ಲಿ ಕಾಲೇಜು ಕೊಡದೆ ನಾವೇ ಸಂಪಾದಿಸಿದ್ದು ಆ ಒಂದು ಸಾಲು. ಅದನ್ನೂ ಬೇರೆಯವರಿಂದ ಕಾಪಿ ಹೊಡೆದರೆ ನಮ್ಮದು ಅಂತ ಏನು ಉಳಿಯಿತು? ನಿಮ್ಮದು ಗಿಟಾರ್ ಇರಬೇಕಿಲ್ಲ. ಯಕ್ಷಗಾನದ ಚೆಂಡೆ ಇರಲಿ, ಹಳೇ ಬಸ್ ಟಿಕೆಟ್ ಸಂಗ್ರಹ ಇರಲಿ, ಅದನ್ನೇ ಬರೆಯಿರಿ.

ಮೊನ್ನೆ ಮಾಕ್ ಇಂಟರ್‌ವ್ಯೂ ನಡೆಯಿತು. ನನ್ನ ಗೆಳೆಯನನ್ನು ಕೇಳಿದರು, 'ಈಚೆಗೆ ಓದಿದ ಪುಸ್ತಕ ಯಾವುದು?' ಪಾಪ, ಬೆವರಿಬಿಟ್ಟ. ನನ್ನ ಸರದಿ ಬಂದಾಗ ಫ್ಯಾನಿನ ಕಥೆ ಹೇಳಿದೆ. ಎದುರು ಕೂತ ಮೇಡಂ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: 'ವೋಲ್ಟೇಜ್ ಇಳಿದು ಫ್ಯಾನಿನ ವೇಗವೇ ಬದಲಾಗುತ್ತಾ ಹೋದರೆ ಏನು ಮಾಡ್ತೀರಿ?'

ಉತ್ತರ ಗೊತ್ತಿರಲಿಲ್ಲ. 'ಗೊತ್ತಿಲ್ಲ ಮೇಡಂ, ನೋಡ್ತೀನಿ' ಅಂದೆ. ಸಂಜೆ ಏಳಕ್ಕೆ ನಮ್ಮ ಹಾಸ್ಟೆಲ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. ಅಷ್ಟರಲ್ಲಿ ಫೋನ್ ಚಾರ್ಜ್ ಮಾಡಿಕೊಳ್ಳಬೇಕು.