ದೀಪ ಆರಿಸಿದ್ರೆ ಸಾಕಾ?

ಮಳೆಗಾಲದಲ್ಲಿ ಸಕಲೇಶಪುರ, ಆಲೂರು ಕಡೆಯ ಹಳೇ ಗಾಡಿಗಳಲ್ಲಿ ಹಳದಿ ಎಬಿಎಸ್ ದೀಪ ಮತ್ತೆ ಮತ್ತೆ ಹತ್ತಿಕೊಳ್ಳೋದುಂಟು. "ಬ್ರೇಕ್ ಹಿಡೀತದಲ್ಲ, ಬಿಡಿ" ಅಂತ ಬಲ್ಬ್ ಕಿತ್ತು ಓಡಿಸೋರೂ ಇದ್ದಾರೆ. ನಾವು ಇದನ್ನು ಒಪ್ಪಲ್ಲ. ಬ್ರೇಕ್ ಹಿಡಿಯುತ್ತೆ ನಿಜ. ಆದರೆ ಶಿರಾಡಿ ಘಾಟಿಯ ಒದ್ದೆ ತಿರುವಿನಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಜಾರಬಹುದು. ಕೆಂಪು ಬ್ರೇಕ್ ದೀಪವೂ ಜೊತೆಗೆ ಹತ್ತಿದರೆ ಗಾಡಿ ಅಲ್ಲೇ ನಿಲ್ಲಿಸಿ.

2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಹಳೇದರಲ್ಲಿ ಕೆಟ್ಟರೆ ಮಾತ್ರ ಕೇಳೋರಿಲ್ಲ!

ಸೆನ್ಸರ್ ಬದಲಿಸಿದ ಮೇಲೂ ದೀಪ ಬರ್ತಿದ್ಯಾ? ಕನೆಕ್ಟರಿಗೆ ನೀರು ಹೋಗಿರಬಹುದು, ಚಕ್ರದ ಹತ್ತಿರ ವೈರ್ ಒಳಗೇ ತುಂಡಾಗಿರಬಹುದು, ಸೆನ್ಸರ್ ಓದುವ ಹಲ್ಲಿನ ರಿಂಗಿಗೆ ತುಕ್ಕು ಹಿಡಿದಿರಬಹುದು. ಸ್ಕ್ಯಾನರ್ ಸಾಮಾನ್ಯವಾಗಿ ಯಾವ ಚಕ್ರ ಅಂತ ಹೇಳುತ್ತೆ, ಯಾವ ಭಾಗ ಅಂತಲ್ಲ. ಕೆಸರು ತೊಳೆದು, ವೈರ್ ಅಲ್ಲಾಡಿಸುತ್ತಾ ಮಲ್ಟಿಮೀಟರ್ ಹಿಡಿದು ನೋಡಿ. ಆಮೇಲೆ ದುಡ್ಡು ಬಿಚ್ಚಿ.