ಮೈಕ್ ಕಾಣದಿರೋದು ಯಾರಿಗೆ?

ಉಬುಂಟು ಹಾಕಿದ ಲ್ಯಾಪ್‌ಟಾಪಿನಲ್ಲಿ ಮೈಕ್ ಸಿಗ್ತಿಲ್ಲ ಅಂದ ಕೂಡಲೇ ನಮ್ಮ ಹಾಸ್ಟೆಲಿನಲ್ಲಿ ಬರುವ ಸಲಹೆ ಒಂದೇ: 'ಫಾರ್ಮ್ಯಾಟ್ ಹೊಡಿ ಮಗಾ, ಹೊಸದಾಗಿ ಹಾಕು.' ಇಂಜಿನಿಯರಿಂಗ್ ಓದುವ ನಾವು ಇದನ್ನು ಸಲಹೆ ಅಂತ ಒಪ್ಪಬಾರದು. ಮೊದಲು ಕೇಳಬೇಕಾದದ್ದು, ಮೈಕ್ ಕಾಣದಿರೋದು ಯಾರಿಗೆ?

ಮೈಕಿನ ದನಿ ಮೀಟಿಂಗ್ ಆ್ಯಪಿಗೆ ನೇರವಾಗಿ ಹೋಗೋದಿಲ್ಲ. ಕೆಳಗೆ ಕರ್ನಲ್ಲಿನ ಆಲ್ಸಾ, ಅದರ ಮೇಲೆ ಪೈಪ್‌ವೈರ್ (ಉಬುಂಟು 22.10ಕ್ಕೂ ಮೊದಲು ಪಲ್ಸ್‌ಆಡಿಯೋ), ಆಮೇಲೆ ಆ್ಯಪ್. ಟರ್ಮಿನಲ್‌ನಲ್ಲಿ 'ಎರೆಕಾರ್ಡ್ ಮೈನಸ್ ಎಲ್' ಕೊಡಿ. ಎಲ್ಲಾ ಸಣ್ಣಕ್ಷರ, ರೆಕಾರ್ಡ್‌ಗೆ ಮುಂಚೆ ಒಂದು ಎ. ಆಲ್ಸಾಗೆ ಕಂಡ ರೆಕಾರ್ಡಿಂಗ್ ಸಾಧನಗಳ ಪಟ್ಟಿ ಬರುತ್ತೆ. ಮೈಕ್ ಅಲ್ಲಿದ್ದರೆ ಕರ್ನಲ್ಲನ್ನು ಬೈಯೋದು ಬೇಡ. ಬಹಳ ಸಲ ಸೆಟ್ಟಿಂಗ್ಸ್‌ನಲ್ಲಿ ಬೇರೆ ಇನ್‌ಪುಟ್ ಆಯ್ಕೆಯಾಗಿರುತ್ತೆ, ಇಲ್ಲವೇ ಆಲ್ಸಾಮಿಕ್ಸರಿನಲ್ಲಿ ಕ್ಯಾಪ್ಚರ್ ಸೊನ್ನೆಯಲ್ಲಿರುತ್ತೆ.

ಪಟ್ಟಿಯಲ್ಲೇ ಇಲ್ಲವಾದರೆ ಕಥೆ ಬೇರೆ. ಈಚಿನ ಎಷ್ಟೋ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಒಳಗಿನ ಡಿಜಿಟಲ್ ಮೈಕ್ ಆಡಿಯೋ ಡಿಎಸ್‌ಪಿಗೆ ಜೋಡಣೆಯಾಗಿರುತ್ತೆ. ಸೌಂಡ್ ಓಪನ್ ಫರ್ಮ್‌ವೇರ್ ಲೋಡ್ ಆಗದಿದ್ದರೆ ಸ್ಪೀಕರ್ ಹಾಡಿದರೂ ಮೈಕ್ ಇಲ್ಲದಂತಿರಬಹುದು. ಅದೇ ಹಳೇ ಪೆನ್‌ಡ್ರೈವಿನಿಂದ ಅದೇ ಉಬುಂಟು ಮತ್ತೆ ಹಾಕಿದರೆ ಅದೇ ಗೋಳು, ಜೊತೆಗೆ ಪ್ರಾಜೆಕ್ಟ್ ಫೈಲೂ ಹೋಯ್ತು! ಕರ್ನಲ್, ಫರ್ಮ್‌ವೇರ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿ ನೋಡೋದು ವಾಸಿ.

ನಾಳೆ ಬೆಳಗ್ಗೆಯೇ ಆನ್‌ಲೈನ್ ಇಂಟರ್‌ವ್ಯೂ ಇದೆಯಾ? ಹಾಗಾದರೆ ಇಷ್ಟೆಲ್ಲ ಕೆದಕಬೇಡಿ. ಪಕ್ಕದ ರೂಮಿನವರ ಹತ್ತಿರ ಯುಎಸ್‌ಬಿ ಹೆಡ್‌ಸೆಟ್ ಇಸ್ಕೊಳ್ಳಿ. ಅದು ಸಾಮಾನ್ಯವಾಗಿ ಬೇರೆ ಡ್ರೈವರ್ ಕೇಳೋದಿಲ್ಲ.